ಎಡಗೈಗೊಂದು ಗಿಟಾರು

ನಿನ್ನೆ ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಹಿಟ್ಟೆಲ್ಲ ಕೆಳಗಿಳಿದ ಮೇಲೆ ಜರಡಿಯಲ್ಲಿ ಉಳಿದ ಹೊಟ್ಟಿನ ನಡುವೆ ಹಸಿರು ಬಣ್ಣದ, ಮೂರು ಮೂಲೆಯ ತೆಳ್ಳನೆಯ ಪ್ಲಾಸ್ಟಿಕ್ ಬಿಲ್ಲೆಯೊಂದು ಕೂತಿತ್ತು. ಗಿರಣಿಯಲ್ಲಿ ಯಾರದೋ ಅಂಗಿಯ ಗುಂಡಿ ಕಿತ್ತು ಬಿದ್ದಿರಬೇಕು ಅಂದುಕೊಂಡೆ. ಗುಂಡಿಗೆ ತೂತಿರಬೇಕಲ್ಲ, ಇದಕ್ಕೆ ಇರಲಿಲ್ಲ. ಬೆಳಕಿಗೆ ಹಿಡಿದು ನೋಡುತ್ತಿರುವಾಗ ಗೌರಿ ಓಡಿ ಬಂದಳು.

"ಅಯ್ಯ, ನನ್ನ ಪಿಕ್ಕು! ಎಲ್ಲಿ ಸಿಕ್ತು ಅಜ್ಜಿ?"

"ಹಿಟ್ಟಿನ ಡಬ್ಬ್ಯಾಗ."

"ಹಿಟ್ಟಿನ ಡಬ್ಬ್ಯಾಗ ಹೆಂಗ ಹೋತು?"

"ಅದನ್ನ ನಾ ನಿನ್ನ ಕೇಳಬೇಕವ್ವ."

ಗಿಟಾರಿನ ತಂತಿ ಮೀಟುವುದಕ್ಕೆ ಬೆರಳುಗಳ ನಡುವೆ ಹಿಡಿಯುವ ಬಿಲ್ಲೆ ಅದು. ಗೌರಿ ಅದನ್ನು ಲಂಗಕ್ಕೆ ಒರೆಸಿಕೊಂಡು ಬಂದಷ್ಟೇ ಜೋರಾಗಿ ಓಡಿಹೋದಳು. ನಾನು ಹಿಟ್ಟು ಮುಂದಿಟ್ಟುಕೊಂಡು ಸುಮ್ಮನೆ ಕೂತೆ. ನಿನ್ನೆ ರೊಟ್ಟಿ ತಡವಾಗಿ, ಸೊಸೆ ಸುಜಾತ ಎರಡು ಸಲ ಅಡುಗೆಮನೆಗೆ ಇಣುಕಿ ಹೋದಳು.

ಮಕ್ಕಳೇ, ಆಲೂರಿನಲ್ಲಿ ನನ್ನ ಮಗಳ ಮನೆಯಲ್ಲಿರುವ ನಿಮಗೆ ಈ ಗಿಟಾರು ಕೊಂಡ ದಿನದ ಕಥೆ ಗೌರಿಯ ಬಾಯಿಂದ ಗೊತ್ತಾಗಿದೆ. ಅವಳು ಹೇಳುವುದರಲ್ಲಿ ನಾನು ಅಂಗಡಿಯಲ್ಲಿ ಸಿಂಹದ ಹಾಗೆ ಗುಡುಗಿದೆನಂತೆ, ಅಂಗಡಿಯವರು ಗಡಗಡ ನಡುಗಿದರಂತೆ. ಹಾಗೇನೂ ಆಗಲಿಲ್ಲ. ನಡುಗಿದವಳು ನಾನು. ಎದುರಿಗೆ ಕೂತು ಹೇಳಿ ಎಂದರೆ ನನಗೆ ಮಾತು ಬರುವುದಿಲ್ಲ. ಬರೆಯುವಾಗ ಯಾರೂ ನನ್ನ ಮುಖ ನೋಡುತ್ತಿರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆದರೆ ಗಿಟಾರಿಗಿಂತ ಮೊದಲು ನನ್ನ ಎಡಗೈಯ ಸಂಗತಿ ಹೇಳಬೇಕು. ಅದಿಲ್ಲದೆ ಮುಂದಿನದು ತಿಳಿಯುವುದಿಲ್ಲ.

ನಾನು ಹುಟ್ಟಿದ್ದು ಆಸ್ಪರಿ ಕಡೆಯ ಒಂದು ಸಣ್ಣ ಊರಿನಲ್ಲಿ, ಎಡಗೈಯವಳಾಗಿ. ಏನು ಕಂಡರೂ ನನ್ನ ಎಡಗೈ ಮುಂದೆ ಹೋಗುತ್ತಿತ್ತು. ಬೆಲ್ಲದ ಚೂರು ಕೊಟ್ಟರೆ ಎಡಗೈ ಚಾಚುತ್ತಿದ್ದೆ. ಬಂದವರಿಗೆ ನೀರಿನ ಚೊಂಬು ಎಡಗೈಯಲ್ಲಿ ಕೊಡುತ್ತಿದ್ದೆ. ಊಟಕ್ಕೆ ಕೂತರಂತೂ ಕೇಳಲೇಬೇಡಿ. ನಮ್ಮವ್ವನ ಹತ್ತಿರ ಒಂದು ಹಿತ್ತಾಳೆಯ ಸೌಟು ಇತ್ತು. ಸಾರು ಬಡಿಸುವುದು ಅದರ ಮೊದಲನೆಯ ಕೆಲಸ, ನನ್ನ ಎಡಗೈಯ ಗೆಣ್ಣಿಗೆ ತಾಕುವುದು ಎರಡನೆಯದು. ಅವ್ವ ಕೆಟ್ಟವಳಲ್ಲ. "ನಾಳೆ ಅತ್ತಿ ಮನ್ಯಾಗ ಎಡಗೈಲೆ ನೀಡಿದ್ರ ತಟ್ಟಿ ಬಿಟ್ಟು ಎದ್ದು ಹೋಗ್ತಾರ. ಆಗ ಮಂದಿ ನನಗ ಅಂತಾರ" ಎಂದು ಅವಳ ಹೆದರಿಕೆ. ಶಾಲೆಯಲ್ಲಿ ಮೇಷ್ಟ್ರು ಬಳಪವನ್ನು ನನ್ನ ಎಡಗೈಯಿಂದ ತೆಗೆದು ಬಲಗೈಗೆ ಇಡುತ್ತಿದ್ದರು. ಅವರು ಆ ಕಡೆ ತಿರುಗಿದ ಕೂಡಲೇ ಬಳಪ ತಾನಾಗಿಯೇ ಎಡಕ್ಕೆ ಬರುತ್ತಿತ್ತು. ಕೊನೆಗೆ ಗೆದ್ದವರು ಮೇಷ್ಟ್ರೇ. ಈಗ ಇದನ್ನು ಬರೆಯುತ್ತಿರುವುದೂ ಬಲಗೈಯೇ. ನನ್ನ ಅಕ್ಷರಗಳು ಗಾಳಿಗೆ ಸಿಕ್ಕಿದ ಜೋಳದ ಹಾಗೆ ಒಂದೇ ಕಡೆ ವಾಲುತ್ತವೆ ಎಂದು ನೀವು ನಗುತ್ತೀರಲ್ಲ, ಕಾರಣ ಇದು.

ಎಡಗೈಯನ್ನು ಯಾರೂ ಬೈಯದ ಜಾಗ ಒಂದೇ ಇತ್ತು: ಹತ್ತಿಯ ಹೊಲ. ಹತ್ತಿ ಬಿಡಿಸುವಾಗ ಎರಡೂ ಕೈ ಬೇಕು. ಉಳಿದವರ ಬಲಗೈ ಮುಂದೆ ಓಡಿ ಎಡಗೈ ಕುಂಟುತ್ತಾ ಹಿಂದೆ ಬರುವಾಗ ನನ್ನ ಎರಡು ಕೈಗಳೂ ಪೈಪೋಟಿಗೆ ಬಿದ್ದ ಹಾಗೆ ಕಾಯಿಯಿಂದ ಅರಳೆ ಎಳೆದು ಉಡಿಗೆ ತುಂಬುತ್ತಿದ್ದವು. "ಈ ಹುಡುಗಿ ಉಡಿ ನೋಡ್ರೇ, ಬಸುರಿ ಆದಂಗ ಆಗೈತಿ" ಎಂದು ಸಾಲಿನ ಹೆಂಗಸರು ನಗುತ್ತಿದ್ದರು. ನಾಚಿಕೆಯಿಂದ ನೆಲ ನೋಡುತ್ತಾ ಇನ್ನೂ ಬೇಗ ಬಿಡಿಸುತ್ತಿದ್ದೆ. ಹೊಲದಿಂದ ಮನೆಗೆ ಬಂದೆನೋ, ಮತ್ತೆ ನನಗೆ ಒಂದೇ ಕೈ.

ಮದುವೆಯಾಗಿ ಆದೋನಿಗೆ ಬರುವ ಹೊತ್ತಿಗೆ ಎಷ್ಟು ಪಳಗಿದ್ದೆನೆಂದರೆ ಅತ್ತೆಗಾಗಲಿ ನಾದಿನಿಯರಿಗಾಗಲಿ ಗೊತ್ತೇ ಆಗಲಿಲ್ಲ. ಗೊತ್ತಾದದ್ದು ನಿಮ್ಮ ತಾತನಿಗೆ ಒಬ್ಬರಿಗೆ. ಒಂದು ಮಧ್ಯಾಹ್ನ ಅತ್ತೆ ಮಲಗಿದ್ದರು. ನಾನು ಬಾಗಿಲಿಗೆ ಬೆನ್ನು ಮಾಡಿ, ಎಡಗೈಯಲ್ಲಿ ಹಾಯಾಗಿ ರೊಟ್ಟಿ ಬಡಿಯುತ್ತಿದ್ದೆ. ಹತ್ತಿ ಮಂಡಿಯಿಂದ ಊಟಕ್ಕೆ ಬಂದವರು ಯಾವಾಗ ಹಿಂದೆ ನಿಂತರೋ ಕಾಣಲಿಲ್ಲ.

"ಎಲ್ಲಾರ ರೊಟ್ಟಿ ಆ ಕಡಿಗೆ ತಿರುಗಿದ್ರ ನಿಂದು ಈ ಕಡಿಗೆ ತಿರುಗ್ತೈತಲ್ಲ!" ಅಂದರು.

ಕೈಯಲ್ಲಿದ್ದ ರೊಟ್ಟಿ ಅರ್ಧಕ್ಕೆ ಹರಿಯಿತು. ಅವರು ಕೂತು ಆ ಹರಿದ ರೊಟ್ಟಿಯನ್ನೇ ಬೇಯಿಸಿಕೊಂಡು ತಿಂದು, "ತೆಳ್ಳಗ ಬಂದೈತಿ. ನಾನು ಬಂದಾಗ ಇದೇ ಕೈಯಾಗ ಮಾಡು. ಯಾರಿಗೂ ಹೇಳಂಗಿಲ್ಲ" ಅಂದರು. ಹೇಳಲೂ ಇಲ್ಲ. ಅವರು ತೀರಿಹೋದ ಮೇಲೆ ಅದನ್ನು ಬಲ್ಲವರು ಈ ಮನೆಯಲ್ಲಿ ಯಾರೂ ಉಳಿಯಲಿಲ್ಲ.

ಅವರು ಇದ್ದಷ್ಟು ದಿನ ನಾನು ಅಂಗಡಿಯಲ್ಲಿ ಬಾಯಿ ತೆರೆದವಳಲ್ಲ. ಸೀರೆ ಅಂಗಡಿಗೆ ಹೋದರೆ ಅವರು ಮುಂದೆ ಕೂರುತ್ತಿದ್ದರು, ನಾನು ಅವರ ಹಿಂದೆ. ಅಂಗಡಿಯವನು ಒಂದೊಂದೇ ಸೀರೆ ಹರವುವಾಗ ನನಗೆ ಇಷ್ಟವಾದದ್ದು ಬಂದರೆ ಅವರ ಬೆನ್ನಿಗೆ ಬೆರಳಿನಿಂದ ಮೆಲ್ಲಗೆ ಒತ್ತುತ್ತಿದ್ದೆ. ಅವರು ಏನೂ ಆಗದವರ ಹಾಗೆ ಇನ್ನೂ ನಾಲ್ಕು ಸೀರೆ ತೆಗೆಸಿ, ಅದಕ್ಕೆ ಇದಕ್ಕೆ ಹೆಸರಿಟ್ಟು, ಆಮೇಲೆ ನಾನು ಒತ್ತಿದ್ದನ್ನೇ ಕಟ್ಟಿಸುತ್ತಿದ್ದರು. "ನಿಮ್ಮ ಯಜಮಾನರ ಆಯ್ಕಿ ಭಾಳ ಚಲೋ" ಎಂದು ಅಕ್ಕಪಕ್ಕದವರು ಹೊಗಳುತ್ತಿದ್ದರು. ನಾನು ಹೌದೆಂದು ತಲೆಯಾಡಿಸುತ್ತಿದ್ದೆ. ಅವರು ಹೋದ ಮೇಲೆ ಬೆರಳು ತೋರಿಸಿದರೆ ಸಾಮಾನು ಕೊಡುವ ಒಂದೇ ಕಿರಾಣಿ ಅಂಗಡಿ ನನ್ನ ಪಾಲಿಗೆ ಉಳಿಯಿತು.

ಇನ್ನು ಗೌರಿ. ಅವಳೂ ಎಡಗೈಯವಳೇ ಎಂದು ನಿಮಗೆ ಗೊತ್ತು. ಕಾಲ ಒಳ್ಳೆಯದಾಗಿದೆ, ಅವಳ ಗೆಣ್ಣಿಗೆ ಯಾರೂ ಸೌಟು ತಾಕಿಸಲಿಲ್ಲ. ಶಾಲೆಯಲ್ಲಿ ಎಡಗೈಯಲ್ಲೇ ಬರೆಯುತ್ತಾಳೆ. ಪ್ರಸಾದ ತೆಗೆದುಕೊಳ್ಳುವಾಗ ಮಾತ್ರ ಸುಜಾತ ಕಣ್ಣಿನಲ್ಲಿ ಸನ್ನೆ ಮಾಡುತ್ತಾಳೆ, ಅಷ್ಟೇ. ಅವಳ ಶಾಲೆಗೆ ಸಂಗೀತ ಕಲಿಸುವ ಹೊಸ ಸಾರ್ ಒಬ್ಬರು ಬಂದರು. ಅವರು ಪ್ರಾರ್ಥನೆಯಲ್ಲಿ ಗಿಟಾರು ನುಡಿಸಿದ ದಿನದಿಂದ ನಮ್ಮ ಮನೆಯ ಕಸಬರಿಗೆಗೆ ನೆಮ್ಮದಿ ಇಲ್ಲವಾಯಿತು. ಗೌರಿ ಅದನ್ನು ಅಡ್ಡ ಹಿಡಿದು, ಕಣ್ಣು ಮುಚ್ಚಿ, ತಲೆ ಕುಣಿಸುತ್ತಾ ಕಡ್ಡಿಗಳನ್ನು ಮೀಟುತ್ತಿದ್ದಳು. ಕಸಬರಿಗೆ ಎದೆಗವಚಿಕೊಳ್ಳಬಾರದು ಎಂದು ಸುಜಾತ ಬೈದರೆ ಅವಳು ಹೋದ ಮೇಲೆ ಮತ್ತೆ ಶುರು. ನಾನು ಬೈಯಲಿಲ್ಲ. ಕಸಬರಿಗೆಯ ಹಿಡಿ ಬಲಗೈಯಲ್ಲಿರುವುದನ್ನೂ ಮೀಟುತ್ತಿರುವುದು ಎಡಗೈ ಎಂಬುದನ್ನೂ ನೋಡುತ್ತಾ ಕೂತಿದ್ದೆ.

ಮಗ ಶಿವು, ಅಂದರೆ ನಿಮ್ಮ ಮಾವ, ಮೊದಲು ಒಪ್ಪಲಿಲ್ಲ. ಪರೀಕ್ಷೆ ಚೆನ್ನಾಗಿ ಮಾಡು, ನೋಡೋಣ ಎಂದ. ಅವಳು ಮಾಡಿಬಿಟ್ಟಳು. ಗಿಟಾರು ಕೊಳ್ಳಲು ಹೊರಟ ಭಾನುವಾರ ಸುಜಾತಳಿಗೆ ಜ್ವರದ ಹಾಗಿತ್ತು. "ಅವ್ವಾ, ನೀ ಬಾ. ಇಬ್ಬರೇ ಹೋದ್ರ ಈಕಿ ಕಂಡದ್ದೆಲ್ಲ ಬೇಕಂತಾಳ" ಎಂದು ಶಿವು ನನ್ನನ್ನು ಆಟೋ ಹತ್ತಿಸಿದ. ಕಂಡದ್ದೆಲ್ಲ ಬೇಕೆನ್ನುವ ಹುಡುಗಿಯನ್ನು ಬಾಯಿ ತೆರೆಯದ ಮುದುಕಿ ಹೇಗೆ ತಡೆಯಬೇಕೋ ಅವನಿಗೇ ಗೊತ್ತು.

ಅದು ಹತ್ತಿಯ ಕಾಲ. ಬಜಾರಿನ ಕರೆಂಟಿನ ತಂತಿಗಳ ಮೇಲೆಲ್ಲ ಲಾರಿಗಳಿಂದ ಹಾರಿದ ಅರಳೆಯ ಎಳೆಗಳು ಜೋತಾಡುತ್ತಿದ್ದವು. ಗಿಟಾರಿನ ಅಂಗಡಿ ಗಲ್ಲಿಯೊಳಗೆ. ನಿಜ ಹೇಳಬೇಕೆಂದರೆ ಅದು ಭಜನೆಯವರ ಅಂಗಡಿ. ಶ್ರಾವಣದಲ್ಲಿ ಉರುಕುಂದದ ಜಾತ್ರೆಗೆ ಹೋಗುವ ಮಂದಿ ಅಲ್ಲಿಯೇ ತಾಳ, ಡೋಲಕ್ಕು ಕೊಳ್ಳುವುದು. ಮೂಲೆಯಲ್ಲಿ ಹಾರ್ಮೋನಿಯಮ್ಮುಗಳು ಹೊಟ್ಟೆ ಬಿಚ್ಚಿಕೊಂಡು ರಿಪೇರಿಗೆ ಕೂತಿದ್ದವು. ಗಿಟಾರುಗಳು ಮಾತ್ರ ಮೇಲಿನಿಂದ, ಚಪ್ಪರದಲ್ಲಿ ಸೋರೆಕಾಯಿ ಬಿಟ್ಟ ಹಾಗೆ ತೂಗಾಡುತ್ತಿದ್ದವು. ಅಂಗಡಿಯವರು ನನ್ನ ವಯಸ್ಸಿನವರೇ. ಕನ್ನಡಕವನ್ನು ಹಣೆಯ ಮೇಲೆ ಇಟ್ಟುಕೊಂಡು, ಒಂದು ಮಾತು ಕನ್ನಡದಲ್ಲಿ ಶುರು ಮಾಡಿದರೆ ತೆಲುಗಿನಲ್ಲಿ ಮುಗಿಸುವವರು.

"ರಾ ಪಾಪಾ, ರಾ! ಗಿಟಾರಾ? ಕೂತ್ಕೊಳ್ರಿ ಸಾರ್. ಅಮ್ಮಾ, ಕೂರ್ಚೋಂಡಿ."

ನಾನು ಸ್ಟೂಲಿನ ಅಂಚಿನಲ್ಲಿ ಕೂತೆ.

ಗೌರಿಯ ಕಣ್ಣು ಒಳಗೆ ಕಾಲಿಟ್ಟಾಗಲೇ ಒಂದು ನೀಲಿ ಗಿಟಾರಿನ ಮೇಲೆ ಬಿದ್ದಿತ್ತು. ಆಕಾಶದ ನೀಲಿಯಲ್ಲ, ಮೈಲುತುತ್ತದ ನೀಲಿ. ಮುಖ ಕಾಣುವ ಹಾಗೆ ಹೊಳಪು. ಅದರ ಒಂದು ಹೆಗಲನ್ನು, ಮೇಲಿನ ತಂತಿಗಳಿಗೆ ಬೆರಳು ಎಟುಕಲಿ ಎಂದು, ಕಚ್ಚಿ ತಿಂದ ಹಾಗೆ ಒಳಕ್ಕೆ ಕತ್ತರಿಸಿದ್ದರು. ಅಂಗಡಿಯವರು ಅದನ್ನು ಇಳಿಸಿ ಕೊಟ್ಟರು. ಗೌರಿ ಕೂತು, ಕಸಬರಿಗೆ ಹಿಡಿದ ಹಾಗೆಯೇ ಹಿಡಿದಳು.

"ಪಾಪಾ, ಉಲ್ಟಾ. ತಿರುಗಿಸಿ ಹಿಡಿ."

ಅವಳು ಗಿಟಾರನ್ನು ಒಮ್ಮೆ ಹಿಂದು ಮುಂದು ನೋಡಿ ಮತ್ತೆ ಹಾಗೆಯೇ ಹಿಡಿದಳು.

"ಅದಲ್ಲಮ್ಮಾ. ದಪ್ಪ ತಂತಿ ಮ್ಯಾಲ ಬರಬೇಕು, ಸಣ್ಣದು ಕೆಳಗ. ನೀ ಹಿಡಿದ್ರ ದಪ್ಪಂದು ಕೆಳಗ ಹೋತು ನೋಡು." ಅವರೇ ಬಂದು ಗಿಟಾರನ್ನು ತಿರುಗಿಸಿ, ಅವಳ ಎಡಗೈಯನ್ನು ಗಿಟಾರಿನ ಕುತ್ತಿಗೆಗೆ ಹಚ್ಚಿ, ಬಲಗೈಯನ್ನು ತಂತಿಗಳ ಮೇಲೆ ಇಟ್ಟರು. "ಇಪ್ಪುಡು ಕೊಟ್ಟು."

ಹೊಡೆದಳು. ಕಸಬರಿಗೆಯ ಮೇಲೆ ಅಷ್ಟು ಲೀಲೆಯಿಂದ ಆಡುತ್ತಿದ್ದ ಹುಡುಗಿ ಈಗ ಮೊಂಡ ಕುಡುಗೋಲಿನಲ್ಲಿ ಹುಲ್ಲು ಕೊಯ್ಯುವವಳ ಹಾಗೆ ಎಳೆದಳು. ತಂತಿ ಝಣ್ ಅನ್ನುವ ಬದಲು ಕೆರೆದ ಸದ್ದು ಬಂತು.

"ಅಪ್ಪಾ, ಈ ಕೈಯಾಗ ಬರವಲ್ದು," ಅಂದಳು.

"ಈಕಿ ಎಡಗೈಯಾಕಿ ಅದಾಳ್ರಿ," ಎಂದ ಶಿವು.

"ಅಯ್ಯೋ, ಪರವಾಗಿಲ್ಲ ಸಾರ್! ನಾಲ್ಕು ದಿನ. ಅಲವಾಟು ಅಯಿಪೋತುಂದಿ, ರೂಢಿ ಆಗ್ತದ. ಇನ್ನೂ ಒಳ್ಳೇದು ಕಣ್ರಿ. ಕುತ್ತಿಗಿ ಮ್ಯಾಲ ತಂತಿ ಒತ್ತೋದು ಎಡಗೈ. ಕಷ್ಟದ ಕೆಲಸ ಎಲ್ಲ ಎಡಗೈದೇ. ಈ ಪಾಪಕ್ಕ ಲಕ್ಕು."

ಶಿವು ಫೋನು ತೆಗೆದು ನೋಡಿದ. ಅದರಲ್ಲಿಯೂ ಹಾಗೆಯೇ ಹೇಳುವವರು ಇದ್ದರಂತೆ. "ಹೌದು ಗೌರಿ, ಇವ್ರು ಹೇಳೋದೂ ಖರೇ ಐತಿ. ಬಲಗೈ ಕಲ್ತಿ ಅಂದ್ರ ಯಾರ ಗಿಟಾರ್ ಸಿಕ್ರೂ ನುಡಿಸ್ತಿ. ನಿಮ್ಮ ಸಾರ್‌ದು ನುಡಿಸ್ತಿ, ಗೆಳತೇರದು ನುಡಿಸ್ತಿ. ಎಡಗೈ ಅಂದ್ರ ನಿನಗ ಯಾರದೂ ಬರಂಗಿಲ್ಲ, ನಿಂದು ಯಾರಿಗೂ ಬರಂಗಿಲ್ಲ. ಒಬ್ಬಾಕಿನ ಆಗ್ತಿ ನೋಡು."

ಸುಳ್ಳಲ್ಲ ಅವನ ಮಾತು. ಮಗಳ ಒಳ್ಳೆಯದಕ್ಕೇ ಹೇಳಿದ. ಗೌರಿ ನೀಲಿ ಗಿಟಾರನ್ನು ನೋಡಿದಳು, ಅಪ್ಪನ ಮುಖ ನೋಡಿದಳು.

"ಆಯ್ತು. ಬಲಗೈಲೇ ಕಲಿತೀನಿ."

ಹಾಗೆ ಹೇಳುವಾಗ ಅವಳ ಎಡಗೈ ಗಿಟಾರಿನ ಕುತ್ತಿಗೆ ಬಿಟ್ಟು ಮೆಲ್ಲಗೆ ಬೆನ್ನಿನ ಹಿಂದೆ ಹೋಯಿತು. ಯಾರೂ ಕಳಿಸಲಿಲ್ಲ ಅದನ್ನು. ತಾನಾಗಿಯೇ ಹೋಯಿತು. ಅಂಗಡಿಯವರು ನೋಡಲಿಲ್ಲ, ಶಿವುವೂ ನೋಡಲಿಲ್ಲ. ನೋಡಿದವಳು ನಾನು.

ನನಗೆ ಗೊತ್ತಿದ್ದ ದಾರಿ ಒಂದೇ. ಮುಂದೆ ಬಗ್ಗಿ ಶಿವುವಿನ ಬೆನ್ನಿಗೆ ಬೆರಳು ಒತ್ತಿದೆ.

"ಏನವ್ವಾ? ಬೆನ್ನಿಗೆ ಯಾಕ ಚುಚ್ಚಾಕತ್ತಿ?" ಎಂದು ಅವನು ಅಂಗಡಿಗೆಲ್ಲ ಕೇಳುವ ಹಾಗೆ ಕೇಳಿದ.

ಅಪ್ಪನ ಬೆನ್ನಿಗೆ ತಿಳಿಯುತ್ತಿದ್ದದ್ದು ಮಗನ ಬೆನ್ನಿಗೆ ತಿಳಿಯಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಡೋಲಕ್ಕಿಗೆ ಚರ್ಮ ಬಿಗಿಸಿಕೊಳ್ಳಲು ಬಂದು ಕೂತಿದ್ದ ಇಬ್ಬರು ಗಂಡಸರೂ ತಿರುಗಿದರು. ಏನೂ ಇಲ್ಲ ಎಂದು ತಲೆಯಾಡಿಸಿ ಕೂರಬಹುದಿತ್ತು. ಜನ್ಮವೆಲ್ಲ ಮಾಡಿದ್ದು ಅದನ್ನೇ.

"ಅಲ್ರೀ," ಅಂದೆ. ದನಿ ಹೊರಗೆ ಬಂದದ್ದು ನನಗೇ ಆಶ್ಚರ್ಯ. "ಕಟ್ಟಿದ ತಂತಿ ಬಿಚ್ಚಾಕ ಬರಂಗಿಲ್ಲೇನ್ರಿ? ಬಿಚ್ಚಿ ತಿರುವಿ ಕಟ್ಟಿದ್ರ ದಪ್ಪಂದು ಮ್ಯಾಲ ಬರ್ತೈತಲ್ಲ."

ಅಂಗಡಿಯವರು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ ನನ್ನನ್ನು ನೋಡಿದರು. "ಬರ್ತೈತಮ್ಮಾ, ಆದ್ರ ಭಾಳ ತಕರಾರು. ತಂತಿ ಕೂಡೋ ಈ ಬಿಳೀ ಪಟ್ಟಿ ಐತಲ್ಲ, ದಪ್ಪ ತಂತಿಗೆ ದಪ್ಪ ಗೀರು, ಸಣ್ಣದಕ್ಕ ಸಣ್ಣ ಗೀರು. ಅದೂ ಬದಲಿ ಮಾಡಬೇಕು. ಈ ನೀಲಿಗೆ ಹೆಗಲು ಬ್ಯಾರೆ ಕತ್ತರಿಸ್ಯಾರ, ಅದು ಉಲ್ಟಾ ಆಗ್ತದ, ಕೈ ಎಟುಕಲ್ಲ." ಆಮೇಲೆ ದನಿ ತಗ್ಗಿಸಿ, ಬುದ್ಧಿ ಹೇಳುವ ಹಾಗೆ ಅಂದರು: "ಅದೆಲ್ಲ ಇರ್ಲಿ ಅಮ್ಮಾ. ಇದಿ ವಿದ್ಯ. ಸರಸ್ವತಿ. ಎಡಮ ಚೇತ್ತೋ ಮೊದಲುಪೆಟ್ಟಕೂಡದು. ದೊಡ್ಡೋರು ನೀವು, ನಿಮಗ ನಾ ಹೇಳಬೇಕಾ?"

ಎಡಗೈಯಲ್ಲಿ ವಿದ್ಯೆ ಶುರು ಮಾಡಬಾರದಂತೆ. ಗೌರಿ ತಲೆ ತಗ್ಗಿಸಿದಳು.

"ನಮ್ಮ ಮನ್ಯಾಗ ಪೂಜಾದಾಗ ಲಿಂಗಾನ ಎಡಗೈಯಾಗ ಕುಂಡ್ರತೈತ್ರೀ," ಅಂದೆ. "ಶಿವಗ ನಡಿಯೋ ಕೈ ನಿಮ್ಮ ಸರಸ್ವತಿಗೆ ಯಾಕ ನಡಿಯಂಗಿಲ್ಲ?"

ಡೋಲಕ್ಕಿನ ಗಂಡಸರಲ್ಲಿ ಒಬ್ಬ ತೊಡೆ ತಟ್ಟಿಕೊಂಡು ನಕ್ಕ. ಅಂಗಡಿಯವರು ಕನ್ನಡಕವನ್ನು ಮತ್ತೆ ಹಣೆಗೆ ಏರಿಸಿದರು. ನಾನು ಎರಡೂ ಕೈಯಿಂದ ಸ್ಟೂಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಕೂತಿದ್ದೆನಾದ್ದರಿಂದ ಬೀಳಲಿಲ್ಲ, ಅಷ್ಟೇ.

ಇಷ್ಟು ಜಾಣತನದ ಉತ್ತರ ಅಜ್ಜಿಗೆ ಆ ಕ್ಷಣಕ್ಕೆ ಹೇಗೆ ಹೊಳೆಯಿತು ಎಂದು ಗೌರಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾಳೆ. ಆ ಕ್ಷಣಕ್ಕೆ ಹೊಳೆದದ್ದಲ್ಲ ಅದು. ನಾನು ಗೌರಿಗಿಂತಲೂ ಸಣ್ಣವಳಿದ್ದಾಗ ನಮ್ಮನೆಯಲ್ಲಿ ನನಗೆ ಲಿಂಗದೀಕ್ಷೆ ಮಾಡಿದರು. ನೆಲ ಸಾರಿಸಿ, ರಂಗೋಲಿ ಹಾಕಿ, ನನ್ನನ್ನು ಮಣೆಯ ಮೇಲೆ ಕೂರಿಸಿದ್ದರು. ಓಣಿಯ ಹೆಂಗಸರೆಲ್ಲ ಸೇರಿದ್ದರು. ಎದುರಿಗೆ ಮಠದ ಅಯ್ಯನವರು. ಅವರು "ಕೈ ಚಾಚವ್ವಾ" ಅಂದರು. ನಾನು ಅವ್ವನ ಮರ್ಯಾದೆ ಕಾಯಬೇಕೆಂದು ಜಾಣತನದಿಂದ ಬಲಗೈ ಚಾಚಿದೆ.

"ಅದಲ್ಲವ್ವಾ, ಎಡಗೈ."

ನನಗೆ ಅನುಮಾನ ಬಂತು. ಇಷ್ಟು ಮಂದಿಯ ಮುಂದೆ ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಅನ್ನಿಸಿತು. ಎಡಗೈಯನ್ನು ಲಂಗದ ಹಿಂದೆ ಇಟ್ಟುಕೊಂಡು ಬಲಗೈಯನ್ನು ಇನ್ನೂ ಮುಂದೆ ಚಾಚಿದೆ. ಹೆಂಗಸರು ನಗತೊಡಗಿದರು. ಬಾಗಿಲಲ್ಲಿ ನಿಂತಿದ್ದ ಅವ್ವ ಕಣ್ಣು ಕೆಂಪಗೆ ಮಾಡಿದಳು. ಎಡಗೈ ಚಾಚು ಎಂದು ಅವಳ ಕಣ್ಣಿನ ಅರ್ಥ. ಆದರೆ ಆ ಕೆಂಪು ಕಣ್ಣಿಗೆ ನನಗೆ ಗೊತ್ತಿದ್ದ ಅರ್ಥ ಒಂದೇ: ಎಡಗೈ ಹಿಂದಕ್ಕೆ. ಇನ್ನಷ್ಟು ಹಿಂದಕ್ಕೆ ಒಯ್ದೆ.

"ಯಾಕವ್ವಾ, ಆ ಕೈಗೆ ಏನಾಗೈತಿ?" ಎಂದು ಅಯ್ಯನವರು ಕೇಳಿದರು.

"ಅದನ್ನ ಚಾಚಿದ್ರ ನಮ್ಮವ್ವ ಬಡೀತಾಳ್ರಿ," ಎಂದು ಅಳತೊಡಗಿದೆ.

ಅಯ್ಯನವರು ಕೊರಳ ರುದ್ರಾಕ್ಷಿ ಕುಣಿಯುವ ಹಾಗೆ ನಕ್ಕರು. ತಾವೇ ನನ್ನ ಎಡಗೈ ಹಿಡಿದು ಮುಂದೆ ತಂದು, ಮುಷ್ಟಿಯ ಬೆರಳು ಒಂದೊಂದಾಗಿ ಬಿಡಿಸಿ, ಅಂಗೈಗೆ ವಿಭೂತಿ ಹಚ್ಚಿ ಲಿಂಗ ಇಟ್ಟರು. "ಇದು ಶಿವ ಕುಂಡ್ರೋ ಜಾಗ ಐತಿ. ಇನ್ನ ಮ್ಯಾಲ ಈ ಕೈಗೆ ಬಡಿಬ್ಯಾಡವ್ವಾ" ಎಂದು ಅವ್ವನಿಗೆ ಹೇಳಿದರು. ಅವ್ವ ಗುರುಗಳ ಮಾತು ಮೀರುವವಳಲ್ಲ. ಮರುದಿನದಿಂದ ಕೈಗೆ ಹೊಡೆಯುವುದು ಬಿಟ್ಟು ಬೆನ್ನಿಗೆ ಹೊಡೆಯತೊಡಗಿದಳು.

ಅಂದಿನಿಂದ ಪ್ರತಿ ಬೆಳಗಿನ ಪೂಜೆಯಲ್ಲಿ ಲಿಂಗ ಎಡ ಅಂಗೈಯಲ್ಲಿ ಕೂರುತ್ತಿತ್ತು. ಹೂ ಏರಿಸುವುದು, ನೀರು ಎರೆಯುವುದು ಬಲಗೈ. ಎಡಗೈಗೆ ಅಲ್ಲಿ ಕೆಲಸವಿರಲಿಲ್ಲ, ಗೌರವ ಇತ್ತು. ನನಗೋ ಕೆಲಸ ಬೇಕಾಗಿತ್ತು. ಶಿವನಿಗೆ ನಡೆಯುವ ಕೈ ಸಾರಿನ ಸೌಟಿಗೆ ಯಾಕೆ ನಡೆಯುವುದಿಲ್ಲ ಎಂದು ಕೇಳುವ ಆಸೆ. ಯಾರನ್ನು ಕೇಳುವುದು? ಬಾಯಿಯೊಳಗೇ ಇಟ್ಟುಕೊಂಡೆ. ಆ ದಿನ ಅಂಗಡಿಯಲ್ಲಿ ಹೊರಬಂದದ್ದು ಅಷ್ಟು ಹಳೆಯ ಮಾತು.

ನನ್ನ ಮಾತಿಗೆ ಅಂಗಡಿಯವರು ತಲೆ ಕೆರೆದುಕೊಂಡರು. ಆಮೇಲೆ ನಗುತ್ತಾ ಎದ್ದರು. "ಅಮ್ಮಾ, ನೀವು ಮಾಮೂಲಾಕಿ ಅಲ್ಲ" ಎಂದು, ಒಳಗೆ ಹೋಗಿ ಧೂಳು ಕೊಡವುತ್ತಾ ಇನ್ನೊಂದು ಗಿಟಾರು ತಂದರು. ಬಣ್ಣವಿಲ್ಲದ, ಬರೀ ಮರದ ಕಂದಿನದು. ಎರಡು ಹೆಗಲೂ ಸಮ. ನಮ್ಮ ಹಳೆಯ ಮನೆಯ ಬಾಗಿಲನ್ನು ಕತ್ತರಿಸಿ ಮಾಡಿದ ಹಾಗಿತ್ತು.

"ಇದಕ್ಕಾದ್ರೆ ಆಗ್ತದ. ಪಟ್ಟಿ ಬದಲಿ ಮಾಡಿ, ತಂತಿ ತಿರುವಿ ಹಾಕಿಕೊಡ್ತೀನಿ. ಆದ್ರ ಒಂದು ಮಾತು ಸಾರ್. ಒಮ್ಮೆ ಬದಲಿ ಮಾಡಿದ ಮ್ಯಾಲ ವಾಪಸ್ ತಂದ್ರ ನಾ ತಗೊಳ್ಳಲ್ಲ. ಬ್ಯಾರೆ ಯಾರೂ ಕೊಳ್ಳಲ್ಲ ಅದನ್ನ."

ಈಗ ಗೌರಿಯ ಎದುರಿಗೆ ಎರಡು ಗಿಟಾರು. ಹೊಳೆಯುವ ನೀಲಿ, ಅದಕ್ಕೆ ಬಲಗೈ. ಮಂಕು ಕಂದು, ಅದಕ್ಕೆ ಎಡಗೈ. ಮೀಟಿ ನೋಡಿ ಆರಿಸುವ ಹಾಗೂ ಇಲ್ಲ, ಬಿಚ್ಚಿದರೆ ಕೊಂಡ ಹಾಗೆ. ಮಕ್ಕಳೇ, ನೀವು ನಗಬೇಡಿ. ಆ ವಯಸ್ಸಿನಲ್ಲಿ ಬಣ್ಣ ಸಣ್ಣ ವಿಷಯವಲ್ಲ. ಅವಳು ನೀಲಿಯ ಮೇಲೆ ಒಂದು ಬೆರಳು ಆಡಿಸಿದಳು. ಬೆರಳಿನ ಗುರುತು ಬಿದ್ದಿತು. ಅದನ್ನು ಅಂಗಿಯ ತೋಳಿನಿಂದ ಒರೆಸಿದಳು. ನನ್ನ ಕಡೆ ನೋಡಿದಳು.

"ಅಜ್ಜಿ, ನೀ ಏನಂತಿ?"

ಕಂದು ತಗೋ ಎಂದು ಹೇಳಲು ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡೆ. ನಾನು ಹೇಳಿದರೆ ಇನ್ನೊಬ್ಬರು ಅವಳ ಕೈಯನ್ನು ಹಿಡಿದು ಇತ್ತ ಇಟ್ಟ ಹಾಗೆಯೇ ಆಗುತ್ತಿತ್ತು.

"ನನ್ನೇನು ಕೇಳ್ತಿ? ನಿನ್ನ ಕೈ ಕೇಳವ್ವ."

ಅವಳು ಬೆನ್ನಿನ ಹಿಂದಿದ್ದ ಎಡಗೈಯನ್ನು ಮುಂದೆ ತಂದು, ಅದನ್ನು ನಿಜವಾಗಿಯೂ ಕೇಳುವವಳ ಹಾಗೆ ನೋಡಿದಳು. ಬೆರಳು ಮಡಿಚಿ ಬಿಚ್ಚಿದಳು. ಶಿವು ಬಲಗೈಯ ಮಾತನ್ನು ಮತ್ತೆ ಎತ್ತಲಿಲ್ಲ. ಅದು ಅವನ ದೊಡ್ಡತನ.

"ಕಂದು," ಅಂದಳು. ಆಮೇಲೆ ಮೆಲ್ಲಗೆ, "ನೀಲಿ ಬಣ್ಣದ ಚೀಲ ಕೊಡಸ್ತಿಯಾ ಅಪ್ಪಾ?"

ತಂತಿ ಬದಲಾಯಿಸುವುದಕ್ಕೆ ಬಹಳ ಹೊತ್ತು ಹಿಡಿಯಿತು. ಚಹಾ ತರಿಸಿದರು. ನಾನು ನೀರು ಕೇಳಿ ಕುಡಿದೆ. ಅಂಗಡಿಯವರ ಕೈಗೂ ಹಳೆಯ ರೂಢಿ ಇತ್ತು ನೋಡಿ, ಮಾತಾಡುತ್ತಾ ಮಾತಾಡುತ್ತಾ ದಪ್ಪ ತಂತಿಯನ್ನು ಮೊದಲಿನ ಜಾಗಕ್ಕೇ ಬಿಗಿದುಬಿಟ್ಟರು. "ತಾತಾ, ಅಲ್ಲಲ್ಲ!" ಎಂದು ಗೌರಿ ಕೂಗಿದಳು. ಅವರು ಹಣೆ ಚಚ್ಚಿಕೊಂಡು ಬಿಚ್ಚಿ ಮತ್ತೆ ಕಟ್ಟಿದರು. "ಈ ಅಂಗಡ್ಯಾಗ ಇದು ಮೊದಲ್ನೇದು ಅಮ್ಮಾ. ನನ್ನ ಕೈಯೇ ಒಪ್ಪವಲ್ದು" ಎಂದರು. ನೀಲಿ ಬಣ್ಣದ ಚೀಲವನ್ನು ಹುಡುಕಿ ಅವರೇ ಹಾಕಿ ಕೊಟ್ಟರು.

ಮನೆಗೆ ತಂದು ಗಿಟಾರಿಗೆ ವಿಭೂತಿ ಹಚ್ಚಿ, ಹೂ ಏರಿಸಿದೆ. ಸುಜಾತ ಜ್ವರ ಮರೆತು ಎದ್ದು ಬಂದಳು. ಗೌರಿ ಕೂತು ಎಡಗೈಯಿಂದ ಒಮ್ಮೆ ಎಳೆದಳು. ರಾಗವಿಲ್ಲ, ತಾಳವಿಲ್ಲ, ಆದರೆ ಅಷ್ಟೂ ತಂತಿಗಳು ಒಟ್ಟಿಗೆ ತುಂಬಿ ನುಡಿದವು. ನಡುಮನೆಯಲ್ಲಿ ಯಾರೋ ಬಂದು ಕೂತ ಹಾಗಾಯಿತು.

"ಇಲ್ಲಿ ತಾ, ನಾ ನೋಡ್ತೀನಿ" ಎಂದು ಶಿವು ತೆಗೆದುಕೊಂಡ. ಅವನ ಕೈಗಳಿಗೆ ಎಲ್ಲವೂ ತಲೆಕೆಳಗು. ಹೇಗೆ ಹಿಡಿದರೂ ಒಂದು ಕೈ ಹೆಚ್ಚಾದ ಹಾಗೆ ಕಾಣುತ್ತಿತ್ತು. ಸುಜಾತ ಹಿಡಿದಳು, ಅವಳಿಗೂ ಅದೇ ಪಾಡು. ಎಲ್ಲರೂ ನಕ್ಕೆವು. ಗೌರಿಯೂ ನಕ್ಕಳು, ಆಮೇಲೆ ಅವಳ ನಗು ಸ್ವಲ್ಪ ಸ್ವಲ್ಪವಾಗಿ ಇಳಿಯಿತು.

"ಖರೇನ ಯಾರಿಗೂ ಬರಂಗಿಲ್ಲ ಇದು," ಅಂದಳು. "ನಾ ಒಬ್ಬಾಕಿನ."

ಅಪ್ಪ ಅಂಗಡಿಯಲ್ಲಿ ಹೇಳಿದ್ದು ಈಗ ಅವಳಿಗೆ ಅರ್ಥವಾಗುತ್ತಿತ್ತು. ಶಿವುವಿನ ಮುಖವೂ ಸಪ್ಪಗಾಯಿತು. ನಾನು ಗೋಡೆಗೆ ಒರಗಿ ಕೂತಿದ್ದೆ.

"ಇಲ್ಲಿ ಕೊಡವ್ವ," ಅಂದೆ.

ಅದನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಬಲಗೈ ಅದರ ಕುತ್ತಿಗೆ ಹಿಡಿಯಿತು. ಎಡಗೈ ಹೋಗಿ, ಎಷ್ಟೋ ದಿನಗಳ ಪರಿಚಯವಿದ್ದ ಹಾಗೆ, ತಂತಿಗಳ ಮೇಲೆ ಕೂತಿತು. ಮೇಲಿನಿಂದ ಕೆಳಕ್ಕೆ ಒಮ್ಮೆ ಎಳೆದೆ. ಗೌರಿ ಎಳೆದಾಗ ಬಂದ ಸದ್ದೇ ಬಂತು.

"ಅಜ್ಜೀ! ನಿನಗ ಬರ್ತೈತಿ!" ಎಂದು ಗೌರಿ ನನ್ನ ಮಗ್ಗುಲಿಗೆ ಬಂದು ಬಿದ್ದಳು. ಸುಜಾತ ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದಳು. ಶಿವು ಮಾತ್ರ ನಗಲಿಲ್ಲ. ನಾನು ಹೆತ್ತು, ಉಣ್ಣಿಸಿ, ಬೆಳೆಸಿದ ಮಗ. ಅವನ ತಲೆಯಲ್ಲೂ ಈಗ ನರೆ ಕಾಣುತ್ತದೆ. ನನ್ನ ಕೈಯನ್ನೂ ಮುಖವನ್ನೂ ಒಂದಾದ ಮೇಲೊಂದು ನೋಡಿದ.

"ಅವ್ವಾ," ಅಂದ, "ನೀನೂ ಎಡಗೈಯಾಕಿ ಅದೀ ಏನು?"

ಅಷ್ಟು ದೊಡ್ಡ ಮಗನಿಗೆ ಏನೆಂದು ಹೇಳುವುದು? ನಾಚಿಕೆಯಾಯಿತು. ಮತ್ತೊಮ್ಮೆ ಮೀಟಿದೆ.